ತಿದ್ದಲು ಬಂದು ತಾವೇ ತಿದ್ದಿಕೊಂಡ ವೆರಿಯರ್ ಎಲ್ವಿನ್

ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಕ್ರೈಸ್ತ ಧರ್ಮಶಾಸ್ತ್ರ ಎರಡರಲ್ಲೂ ಪ್ರಥಮ ದರ್ಜೆ ಪಡೆದಿದ್ದ ತರುಣ ಪಾದ್ರಿಯೊಬ್ಬರು 1932ರ ಜನವರಿ ಕೊನೆಯ ವೇಳೆಗೆ ಮಧ್ಯಭಾರತದ ಮೈಕಲ ಬೆಟ್ಟಸಾಲಿನ ಕರಂಜಿಯಾ ಎಂಬ ಗೊಂಡರ ಹಳ್ಳಿ ತಲುಪಿದರು. ಜೊತೆಗೆ ಮರಾಠಿ ಗೆಳೆಯರೊಬ್ಬರಿದ್ದರು. ಮೈಮೇಲೆ ಖಾದಿ, ಮನಸ್ಸಿನಲ್ಲಿ ಗಾಂಧೀಜಿ. ಅಕ್ಷರ ಕಲಿಸುವುದು, ಔಷಧ ಹಂಚುವುದು, ಹಿಂದುಳಿದ ಜನರನ್ನು ಮೇಲೆತ್ತುವುದು ಅವರ ಉದ್ದೇಶವಾಗಿತ್ತು. ಮುಂದಿನ 32 ವರ್ಷಗಳಲ್ಲಿ ಆ ಜನ ಎಷ್ಟು ಬದಲಾದರೋ ಹೇಳುವುದು ಕಷ್ಟ. ಪಾದ್ರಿ ಮಾತ್ರ ಸಂಪೂರ್ಣ ಬದಲಾದರು. ಚರ್ಚನ್ನು ತೊರೆದರು, ಗಾಂಧೀಮಾರ್ಗದಿಂದ ದೂರ ಸರಿದರು, ಕೊನೆಗೆ ತಮ್ಮ ದೇಶದ ಪೌರತ್ವವನ್ನೂ ಬಿಟ್ಟರು.

ಅವರೇ ವೆರಿಯರ್ ಎಲ್ವಿನ್. ಬುಡಕಟ್ಟು ಬದುಕು ಮತ್ತು ಆಧುನಿಕ ನಾಗರಿಕತೆಗಳನ್ನು ಎದುರುಬದುರು ಇಟ್ಟು ತೂಗಿದವರು ನಮ್ಮ ದೇಶದಲ್ಲಿ ಹಲವರಿದ್ದಾರೆ. ಅವರಲ್ಲಿ ಬಹುತೇಕರು ನಗರದಲ್ಲಿ ಕುಳಿತು ತೂಗಿದವರು. ಎಲ್ವಿನ್ ಎರಡು ದಶಕಕ್ಕೂ ಹೆಚ್ಚು ಕಾಲ ಮಣ್ಣಿನ ಗೋಡೆಯ ಮನೆಗಳಲ್ಲಿ ಬದುಕಿ ಈ ಕೆಲಸ ಮಾಡಿದರು. ಅವರ ತಕ್ಕಡಿಯಲ್ಲೂ ದೋಷಗಳಿದ್ದವು. ಆದರೂ ಅವರು ಎತ್ತಿದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಬಿಷಪ್ಪರ ಮಗ

ಎಲ್ವಿನ್ ಹುಟ್ಟಿದ್ದು 1902ರ ಆಗಸ್ಟ್ 29ರಂದು, ಇಂಗ್ಲೆಂಡಿನ ಡೋವರ್ ಪಟ್ಟಣದಲ್ಲಿ. ತಂದೆ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಬಿಷಪ್ ಆಗಿದ್ದು, ಮಗ ಏಳು ವರ್ಷದವನಿದ್ದಾಗಲೇ ತೀರಿಕೊಂಡರು. ತಾಯಿ ಕಟ್ಟಾ ಧರ್ಮನಿಷ್ಠೆಯವರು. ಮನೆಯಲ್ಲಿ ಪ್ರಾರ್ಥನೆಯದೇ ವಾತಾವರಣ. ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನಲ್ಲಿ ಓದು ಮುಗಿಸಿದ ಎಲ್ವಿನ್, 1926ರಲ್ಲಿ ಪಾದ್ರಿಗಳನ್ನು ತಯಾರು ಮಾಡುವ ವೈಕ್ಲಿಫ್ ಹಾಲ್‌ನ ಉಪಪ್ರಾಂಶುಪಾಲರಾದರು. ಇಂಗ್ಲೆಂಡಿನಲ್ಲೇ ಉಳಿದಿದ್ದರೆ ದೊಡ್ಡ ಧರ್ಮಾಧಿಕಾರಿಯಾಗಿ ನಿವೃತ್ತರಾಗುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ.

ಇಂಗ್ಲಿಷರು ಭಾರತದಿಂದ ಪಡೆದದ್ದೇ ಹೆಚ್ಚು, ಕೊಟ್ಟದ್ದು ಕಡಿಮೆ, ಆ ಋಣವನ್ನು ಒಬ್ಬನಾದರೂ ತೀರಿಸಬೇಕು ಎಂಬ ಭಾವನೆ ಅವರನ್ನು 1927ರಲ್ಲಿ ಪುಣೆಯ ಕ್ರಿಸ್ತ ಸೇವಾ ಸಂಘಕ್ಕೆ ಕರೆತಂದಿತು. ಭಾರತೀಯ ಉಡುಗೆ, ಆಹಾರ, ಭಕ್ತಿಪದ್ಧತಿಗಳನ್ನು ಕ್ರೈಸ್ತ ಧರ್ಮದೊಂದಿಗೆ ಬೆಸೆಯಲು ಯತ್ನಿಸುತ್ತಿದ್ದ ಸಂಸ್ಥೆ ಅದು. 1928ರ ಆರಂಭದಲ್ಲಿ ಸಾಬರಮತಿ ಆಶ್ರಮದಲ್ಲಿ ನಡೆದ ಸರ್ವಧರ್ಮ ಗೋಷ್ಠಿಗೆ ಹೋದ ಎಲ್ವಿನ್ ಗಾಂಧೀಜಿಗೆ ಮಾರುಹೋದರು. ಗಾಂಧೀಜಿಯೂ ಅವರನ್ನು ಮಗನಂತೆ ಕಂಡರು. 1930ರಲ್ಲಿ ಎಲ್ವಿನ್ ಕ್ರಿಸ್ತನ ಬೋಧನೆಯ ನೆಲೆಯಲ್ಲಿ ಸತ್ಯಾಗ್ರಹವನ್ನು ಸಮರ್ಥಿಸಿ ಪುಸ್ತಕ ಬರೆದರು. ಆಳುವ ಬಿಳಿಯರ ಪಾಲಿಗೆ ಅದು ಸ್ವಂತ ಮನೆಯೊಳಗಿನ ದ್ರೋಹ.

ಆಶ್ರಮವಾಸ ಅವರಿಗೆ ಸಾಕಾಗಲಿಲ್ಲ. ಸಂಘ ಬಿಟ್ಟು ಬಡವರ ನಡುವೆ ನೆಲೆಸುವ ದಾರಿ ಹುಡುಕುತ್ತಿದ್ದಾಗ, ಯಾರೂ ಅಷ್ಟಾಗಿ ಗಮನಿಸದ ಮಧ್ಯಪ್ರಾಂತ್ಯದ ಗೊಂಡರ ಕಡೆಗೆ ಕಾಂಗ್ರೆಸ್ ನಾಯಕರೇ ಬೆರಳು ತೋರಿಸಿದರು. 1932ರ ಜನವರಿ 4ರಂದು ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿಯ ಬಂಧನವಾದಾಗ ಎಲ್ವಿನ್ ಅಲ್ಲಿಯೇ ಇದ್ದರು. ಅನಂತರ ವಾಯವ್ಯ ಗಡಿ ಪ್ರಾಂತ್ಯದ ದಮನದ ವರದಿ ತರಲು ಹೋಗಿ, ಸರ್ಕಾರದಿಂದ ಹೊರದೂಡಿಸಿಕೊಂಡರು. ಅಲ್ಲಿಂದ ಕರಂಜಿಯಾ.

ಜೊತೆಗಿದ್ದ ಗೆಳೆಯ ಶಾಮರಾವ್ ಹಿವಾಳೆ. ಎಲ್ವಿನ್ ಬಗ್ಗೆ ಬರೆಯುವವರು ಈ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಎಲ್ವಿನ್ ಬರವಣಿಗೆಯಲ್ಲಿ, ತಿರುಗಾಟದಲ್ಲಿ ಮುಳುಗಿದ್ದಾಗ ಶಾಲೆ, ಔಷಧಾಲಯ ಮತ್ತು ಕುಷ್ಠರೋಗಿಗಳ ಆಸರೆಮನೆಯ ಭಾರ ಹೊತ್ತವರು ಹಿವಾಳೆ. ಹಳ್ಳಿಗರ ಜಗಳ ಬಿಡಿಸಿದವರೂ ಅವರೇ. ನರ್ಮದೆಯ ಮೇಲ್ದಂಡೆಯ ಪರಧಾನರ ಕುರಿತು ಸ್ವತಃ ಒಂದು ಪುಸ್ತಕ ಬರೆದದ್ದಲ್ಲದೆ, ಗೆಳೆಯನ ಜೀವನಚರಿತ್ರೆಯನ್ನೂ 1946ರಲ್ಲಿ ಪ್ರಕಟಿಸಿದರು.

ಕರಂಜಿಯಾದಲ್ಲಿ ಕಳಚಿದ ಶಿಸ್ತು

ಇಬ್ಬರೂ ಸೇರಿ ಗೊಂಡ ಸೇವಾ ಮಂಡಲ ಸ್ಥಾಪಿಸಿದರು. ಮೊದಮೊದಲು ಎಲ್ಲವೂ ಸಾಬರಮತಿಯ ಮಾದರಿಯಲ್ಲೇ ಇತ್ತು. ಬೇಗನೆ ತೊಡಕುಗಳು ತಲೆದೋರಿದವು. ಆ ಬೆಟ್ಟಗಳಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಹೊರಗಿನಿಂದ ಹತ್ತಿ ತರಿಸಿ ಚರಕ ತಿರುಗಿಸುವುದರಲ್ಲಿ ಸ್ವಾವಲಂಬನೆ ಎಲ್ಲಿ ಬಂತು ಎಂಬ ಅನುಮಾನ ಎಲ್ವಿನ್‌ಗೆ ಹುಟ್ಟಿತು. ಹಿಪ್ಪೆ ಹೂವಿನ ಮದ್ಯ ಗೊಂಡರಿಗೆ ಹುಟ್ಟಿನಿಂದ ಸಾವಿನವರೆಗೆ ಎಲ್ಲ ವಿಧಿಗಳಲ್ಲೂ ಬೇಕಾದ ವಸ್ತು; ದೇವರಿಗೂ ಅದೇ ನೈವೇದ್ಯ. ಪಾನನಿರೋಧದ ಉಪದೇಶ ಅಲ್ಲಿ ಜನರ ದೇವರನ್ನೇ ಬೈದಂತೆ. ಬ್ರಹ್ಮಚರ್ಯದ ಆದರ್ಶವಂತೂ ಹಾಡು, ಕುಣಿತ, ಒಲವುಗಳನ್ನು ಮುಚ್ಚುಮರೆಯಿಲ್ಲದೆ ಬದುಕುವ ಜನರ ನಡುವೆ ವಿಚಿತ್ರವಾಗಿ ಕಂಡಿತು.

ಚರ್ಚಿನೊಂದಿಗೂ ಸಂಬಂಧ ಕೆಟ್ಟಿತು. ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಪಾದ್ರಿಗೆ ನಾಗಪುರದ ಬಿಷಪ್ ಪರವಾನಗಿ ಕೊಡಲಿಲ್ಲ. ಇತ್ತ ಎಲ್ವಿನ್‌ಗೂ ಗೊಂಡರನ್ನು ಮತಾಂತರಿಸುವ ಇರಾದೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಪೌರೋಹಿತ್ಯವನ್ನು ತ್ಯಜಿಸಿದರು. 1940ರ ದಶಕದಲ್ಲಿ ಮಂಡ್ಲಾ ಜಿಲ್ಲೆಯ ಕ್ಯಾಥೊಲಿಕ್ ಮಿಷನ್ನಿನ ಶಾಲೆಗಳ ವಿರುದ್ಧ ಅವರೇ ಪತ್ರಿಕೆಗಳಲ್ಲಿ ಚಳವಳಿ ಹೂಡಿದ್ದು ಅವರ ಬದುಕಿನ ವಿಚಿತ್ರ ತಿರುವುಗಳಲ್ಲಿ ಒಂದು.

ಮಾನವಶಾಸ್ತ್ರದಲ್ಲಿ ಅವರಿಗೆ ತರಬೇತಿ ಇರಲಿಲ್ಲ. ಆಕ್ಸ್‌ಫರ್ಡ್‌ನ ಡಿ.ಎಸ್ಸಿ. ಪದವಿ ಬಂದದ್ದು ಪುಸ್ತಕಗಳು ಹೊರಬಂದ ಮೇಲೆ. ಜೆ.ಆರ್.ಡಿ. ಟಾಟಾ ಸೇರಿದಂತೆ ಮುಂಬಯಿಯ ಗೆಳೆಯರ ನೆರವಿನಿಂದ ಖರ್ಚು ನಡೆಯುತ್ತಿತ್ತು. ಪಕ್ಕದ ಮನೆಯವರಾಗಿ ಕೇಳಿಸಿಕೊಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದೇ ಅವರ ವಿಧಾನ. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ವಿಶ್ವವಿದ್ಯಾಲಯದ ವಿದ್ವಾಂಸರು ಅವರ ಪುಸ್ತಕಗಳಲ್ಲಿ ಸಿದ್ಧಾಂತವಿಲ್ಲ ಎಂದು ಮೂಗು ಮುರಿದರೆ, ಸಾಮಾನ್ಯ ಓದುಗರು ಕಾದಂಬರಿಯಂತೆ ಓದಿದರು.

ಭೂತಾಯಿಯ ಎದೆ ಸೀಳದ ಬೇಸಾಯ

1939ರಲ್ಲಿ ಬಂದ 'ದಿ ಬೈಗಾ' ಐನೂರಕ್ಕೂ ಹೆಚ್ಚು ಪುಟಗಳ ಗ್ರಂಥ. ಗೊಂಡರ ನೆರೆಯಲ್ಲೇ, ಇನ್ನೂ ದಟ್ಟ ಕಾಡಿನಲ್ಲಿ ಬದುಕುತ್ತಿದ್ದವರು ಬೈಗಾಗಳು. ಬೇಸಿಗೆಗೆ ಮುನ್ನ ಮರಗಿಡ ಕಡಿದು ಒಣಗಿಸಿ, ಮುಂಗಾರಿಗೆ ಮೊದಲು ಬೆಂಕಿ ಕೊಟ್ಟು, ಮಳೆ ಬಿದ್ದಾಗ ಬೂದಿಯ ಮೇಲೆ ಬೀಜ ಚೆಲ್ಲುವುದು ಅವರ ಕ್ರಮ. ಅವರಲ್ಲಿ ಅದಕ್ಕೆ ಬೇವರ್ ಎಂಬ ಹೆಸರು. ಕನ್ನಡನಾಡಿನ ಮಲೆನಾಡು, ಕರಾವಳಿಗಳಲ್ಲಿ ನಡೆಯುತ್ತಿದ್ದ ಕುಮರಿ ಬೇಸಾಯವೂ ಇದೇ. ಸಾಮೆ, ಹಾರಕದಂತಹ ಕಿರುಧಾನ್ಯಗಳನ್ನೂ ಬೇಳೆಕಾಳುಗಳನ್ನೂ ಎರಡು ಮೂರು ವರ್ಷ ಬೆಳೆದು, ನೆಲವನ್ನು ಮತ್ತೆ ಕಾಡಿಗೆ ಬಿಟ್ಟು, ಅವರು ಬೇರೆಡೆಗೆ ಹೋಗುತ್ತಿದ್ದರು. ನೇಗಿಲು ಹೂಡುವುದೆಂದರೆ ಭೂತಾಯಿಯ ಎದೆ ಸೀಳಿದಂತೆ ಎಂಬುದು ಅವರ ನಂಬಿಕೆ. ತಮ್ಮ ಮೂಲಪುರುಷ ನಂಗಾ ಬೈಗಾನಿಗೆ ದೇವರೇ ಆ ಕಟ್ಟಳೆ ವಿಧಿಸಿದ ಎಂದು ಅವರ ಕಥೆಗಳು ಹೇಳುತ್ತವೆ.

ಬ್ರಿಟಿಷ್ ಅರಣ್ಯ ಇಲಾಖೆಯ ಕಣ್ಣಿಗೆ ಇದು ಮರದ ನಾಶ. ರೈಲು ಹಳಿಗಳಿಗೆ ಮರ ಬೇಕಿದ್ದ ಕಾಲ. 1860ರ ದಶಕದಿಂದಲೇ ಕುಮರಿಯ ಮೇಲೆ ನಿರ್ಬಂಧಗಳು ಬಿಗಿಯಾಗುತ್ತ ಹೋದವು. 1890ರಲ್ಲಿ ಬೈಗಾ ಚಕ್ ಎಂಬ ಒಂದು ಪ್ರದೇಶ ಗುರುತಿಸಿ, ಅದರೊಳಗೆ ಮಾತ್ರ ಬೇವರಿಗೆ ಅವಕಾಶ ಉಳಿಸಲಾಯಿತು. ಉಳಿದೆಡೆಯವರ ಕೈಯಲ್ಲಿ ನೇಗಿಲು ಹಿಡಿಸಿದರು. ಕೈಕೊಡಲಿ ಕಳೆದುಕೊಂಡ ಬೈಗಾ, ಕೂಲಿಯಾಗಿ, ಸಾಲಗಾರನಾಗಿ ಕುಗ್ಗಿದ್ದನ್ನು ಎಲ್ವಿನ್ ಹಳ್ಳಿ ಹಳ್ಳಿಯಲ್ಲಿ ಕಂಡರು. ತಾವು ಮಾಡಿದ ಪಾಪಕ್ಕೇ ಈ ಬಡತನ ಬಂತೆಂದು ಮುದುಕರು ನಂಬಿದ್ದರು. ಈ ಕುಗ್ಗುವಿಕೆಯನ್ನು ಎಲ್ವಿನ್ ಹಸಿವಿಗಿಂತ ದೊಡ್ಡ ರೋಗವೆಂದು ಭಾವಿಸಿದರು. 1941ರಲ್ಲಿ ಬಸ್ತರ್ ಕುರಿತು ಬರೆದ ಕಿರುಹೊತ್ತಗೆಗೆ ಅವರು ಕೊಟ್ಟ ಶೀರ್ಷಿಕೆಯ ಅರ್ಥವೇ ಎದೆಗುಂದುವಿಕೆ.

ಎಲ್ವಿನ್ ಹೋಲಿಕೆಯ ತಿರುಳು ಇಲ್ಲಿದೆ. ಷೇಕ್ಸ್‌ಪಿಯರ್, ಬೀಥೋವನ್, ರೋಗನಿರೋಧಕ ಲಸಿಕೆ, ಸಂಸತ್ತು ಇವೆಲ್ಲ ಒಂದು ಬದಿಗೆ, ಕಾಡಿನ ಜನ ಇನ್ನೊಂದು ಬದಿಗೆ ಎಂದು ತೂಗುವುದು ಮೋಸದ ಲೆಕ್ಕ. ಏಕೆಂದರೆ ಆ ಆಧುನಿಕತೆ ಬೈಗಾನ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಅವನ ಬಾಗಿಲಿಗೆ ಬಂದ ನಾಗರಿಕತೆಯೆಂದರೆ ಬಿಟ್ಟಿ ಚಾಕರಿಗೆ ಕರೆಯುವ ಅರಣ್ಯ ರಕ್ಷಕ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಲೇವಾದೇವಿಗಾರ, ಮದ್ಯದ ಗುತ್ತಿಗೆದಾರ, ಅರ್ಥವಾಗದ ಭಾಷೆಯ ಕೋರ್ಟು. ಈ ನಾಲ್ವರನ್ನು ಕಾಡಿನ ಬದುಕಿನ ಪಕ್ಕ ಇಟ್ಟು ನೋಡಿದರೆ ಯಾವುದು ಮೇಲು? ಎಲ್ವಿನ್ ಉತ್ತರ ಸ್ಪಷ್ಟವಾಗಿತ್ತು. ಇಂದಿನ ನಗರವಾಸಿ ಓದುಗ ಈ ಪಟ್ಟಿಗೆ ಗಣಿ ಕಂಪನಿ, ಅಣೆಕಟ್ಟುಗಳನ್ನು ಸೇರಿಸಿಕೊಳ್ಳಬಹುದು.

ಅಗಾರಿಯಾ ಎಂಬ ಕಬ್ಬಿಣ ಕರಗಿಸುವ ಜನರ ಕುರಿತು 1942ರಲ್ಲಿ ಬರೆದ ಪುಸ್ತಕದಲ್ಲೂ ಇದೇ ಕಥೆ. ಮಣ್ಣಿನ ಕುಲುಮೆ, ಕಾಲಿನಲ್ಲಿ ತುಳಿಯುವ ತಿದಿ, ಇದ್ದಲು, ಅದಿರು, ಇಷ್ಟರಲ್ಲೇ ಅವರು ಮೃದುವಾದ ಒಳ್ಳೆಯ ಕಬ್ಬಿಣ ತೆಗೆಯುತ್ತಿದ್ದರು. ಅವರಿಗೆ ಕಬ್ಬಿಣಕ್ಕೊಬ್ಬ, ಇದ್ದಲಿಗೊಬ್ಬ, ಬೆಂಕಿಗೊಬ್ಬ ಅಸುರದೇವರು. ಸರ್ಕಾರ ಕುಲುಮೆಗೆ ತೆರಿಗೆ ಹಾಕಿತು, ಇದ್ದಲಿಗೆ ಕಾಡು ಮುಚ್ಚಿತು, ಸಂತೆಗೆ ಕಾರ್ಖಾನೆಯ ಅಗ್ಗದ ಕಬ್ಬಿಣ ಬಂತು. ಕುಲುಮೆಗಳು ಒಂದೊಂದಾಗಿ ಆರಿದವು. ಅಸುರರು ಕೋಪಗೊಂಡು ಹೊರಟುಹೋದರೆಂದು ಅಗಾರಿಯಾಗಳು ತಮ್ಮಷ್ಟಕ್ಕೆ ವಿವರಣೆ ಕಂಡುಕೊಂಡರು.

ಹಾಗೆಂದು ಎಲ್ವಿನ್ ಕಾಡನ್ನು ಸ್ವರ್ಗವೆಂದು ಬಣ್ಣಿಸಿದರೆಂದು ಹೇಳುವುದು ಅವರ ಪುಸ್ತಕಗಳನ್ನು ಓದದವರ ಮಾತು. ಮಲೇರಿಯಾ, ಕುಷ್ಠ, ಎಳೆಯ ಮಕ್ಕಳ ಸಾವು, ಮಾಟಮಂತ್ರದ ಭಯ, ಇವೆಲ್ಲ ಅವರ ದಿನಚರಿಯ ಪುಟಗಳಲ್ಲಿವೆ. 1943ರಲ್ಲಿ ಪ್ರಕಟವಾದ ಬಸ್ತರಿನ ಮಾರಿಯಾ ಬುಡಕಟ್ಟಿನ ಕುರಿತ ಗ್ರಂಥದ ವಸ್ತುವೇ ಕೊಲೆ ಮತ್ತು ಆತ್ಮಹತ್ಯೆ. ನೂರು ಕೊಲೆ ಪ್ರಕರಣಗಳ ಕಡತ ತೆರೆದು, ಜೈಲಿಗೆ ಹೋಗಿ ಕೈದಿಗಳನ್ನು ಮಾತನಾಡಿಸಿ ಬರೆದ ಪುಸ್ತಕವದು. ಸಂಶಯ, ಕುಡಿತ, ಕ್ಷಣದ ಸಿಟ್ಟು, ಮಾಟದ ಶಂಕೆ ಇವೇ ಬಹುತೇಕ ಕಾರಣಗಳು. ಕೊಲೆ ಮಾಡಿದವನು ತಾನೇ ಬಂದು ಒಪ್ಪಿಕೊಳ್ಳುವ ನೇರತನವನ್ನೂ ಅವರು ದಾಖಲಿಸಿದರು. ವಕೀಲರ ಜಾಣ್ಮೆ ಅರಿಯದ ಆ ನೇರತನವೇ ಕೋರ್ಟಿನಲ್ಲಿ ಅವನಿಗೆ ಮುಳುವಾಗುತ್ತಿತ್ತು.

ಘೋಟುಲ್ ಎಂಬ ಗಣರಾಜ್ಯ

ಎಲ್ವಿನ್‌ಗೆ ಹೆಸರು ತಂದ, ಜೊತೆಗೆ ಅಪಖ್ಯಾತಿಯನ್ನೂ ತಂದ ಪುಸ್ತಕ 1947ರ 'ದಿ ಮುರಿಯಾ ಅಂಡ್ ದೇರ್ ಘೋಟುಲ್'. ಬಸ್ತರಿನ ಮುರಿಯಾ ಹಳ್ಳಿಗಳಲ್ಲಿ ಹುಡುಗ ಹುಡುಗಿಯರು ರಾತ್ರಿ ಒಟ್ಟಾಗಿ ಕಳೆಯುವ ಯುವಗೃಹಕ್ಕೆ ಘೋಟುಲ್ ಎಂದು ಹೆಸರು. ಹುಡುಗರು ಚೇಲಿಕರು, ಹುಡುಗಿಯರು ಮೋಟಿಯಾರಿಯರು. ಅವರಲ್ಲೇ ಅಧಿಕಾರಿಗಳು, ಅವರದೇ ಕಟ್ಟಳೆ, ತಪ್ಪಿದವರಿಗೆ ದಂಡ. ಹಿರಿಯರು ಅತ್ತ ತಲೆಹಾಕುವುದಿಲ್ಲ. ಮದುವೆ ಮನೆಯ ದುಡಿಮೆ, ಹೊಲದ ಕೆಲಸ, ಹಬ್ಬದ ಕುಣಿತ, ಊರಿನ ಕಸ ಗುಡಿಸುವುದು ಎಲ್ಲದಕ್ಕೂ ಈ ಪಡೆ ಬೇಕು. ಮದುವೆಯಾದೊಡನೆ ಘೋಟುಲ್ ಬಿಡಬೇಕು.

ಮದುವೆಗೆ ಮುಂಚಿನ ಪ್ರೇಮಕ್ಕೆ ಅಲ್ಲಿ ಅಡ್ಡಿ ಇರಲಿಲ್ಲ. ಅದನ್ನು ಎಲ್ವಿನ್ ಮುಚ್ಚಿಡದೆ ಬರೆದರು. ಇಷ್ಟು ಸ್ವಾತಂತ್ರ್ಯವಿದ್ದೂ ಮುರಿಯಾ ದಾಂಪತ್ಯಗಳು ಮುರಿದುಬೀಳುವುದು ಬಹಳ ಕಡಿಮೆ, ಘೋಟುಲ್ ಇಲ್ಲದ ಮಾರಿಯಾಗಳಲ್ಲಿ ಕೊಲೆಗಳು ಹೆಚ್ಚು ಎಂಬುದು ಅವರ ವಾದ. ಆಸ್ತಿ, ಅಸೂಯೆ, ಒಂಟಿತನಗಳಲ್ಲಿ ನರಳುವ ನಗರದ ಹರೆಯದವರ ಜೊತೆ ಅವರು ಮಾಡಿದ ಹೋಲಿಕೆ ಪಾಶ್ಚಾತ್ಯ ಓದುಗರನ್ನು ಬೆಚ್ಚಿಬೀಳಿಸಿತು. ಅವರು ನೋಡಿದ ಹುಡುಗಿಯರ ಮಾತು ಪುಸ್ತಕದಲ್ಲಿ ಎಷ್ಟು ಪೂರ್ತಿಯಾಗಿ ಬಂದಿದೆ ಎಂಬ ಸಂದೇಹ ಮಾತ್ರ ಓದುವಾಗ ಉಳಿಯುತ್ತದೆ. ಬರೆಯುವವರಿಗೆ ಒಲವಿದ್ದ ಕಡೆ ಕಣ್ಣು ಸ್ವಲ್ಪ ಮಂಜಾಗುವುದು ಸಹಜ.

ಪುಸ್ತಕದ ಫಲ ಇನ್ನೊಂದು ರೀತಿಯಲ್ಲೂ ತಟ್ಟಿತು. ಮುಂದಿನ ದಶಕಗಳಲ್ಲಿ ಕ್ಯಾಮೆರಾ ಹಿಡಿದವರು ರಂಜಕ ಚಿತ್ರಗಳಿಗಾಗಿ ಬಸ್ತರಿಗೆ ಬಂದರು. ಓದು ಕಲಿತ ಮುರಿಯಾ ತರುಣರಿಗೆ ಘೋಟುಲ್ ಹೆಸರೇ ಮುಜುಗರ ತರುವಂತಾಯಿತು. ಬದುಕನ್ನು ಉಳಿಸಲೆಂದು ಬರೆದ ಪುಸ್ತಕವೇ ಅದನ್ನು ಪ್ರದರ್ಶನಕ್ಕಿಟ್ಟಿತೇ ಎಂದು ಎಲ್ವಿನ್ ವಿರೋಧಿಗಳು ಕೇಳಿದರೆ ಅಲ್ಲಗಳೆಯುವುದು ಸುಲಭವಲ್ಲ.

ಕೋಸಿಯ ಪ್ರಶ್ನೆ

ಎಲ್ವಿನ್ ಬದುಕಿನಲ್ಲಿ ಎರಡು ಲೋಕಗಳ ಹೋಲಿಕೆ ಪುಸ್ತಕದಲ್ಲೇ ಉಳಿಯಲಿಲ್ಲ, ಮನೆಯೊಳಗೂ ಬಂತು. 1940ರ ಏಪ್ರಿಲ್‌ನಲ್ಲಿ ಅವರು ತಮ್ಮದೇ ಶಾಲೆಯಲ್ಲಿ ಓದಿದ್ದ ಕೋಸಿ ಎಂಬ ರಾಜಗೊಂಡ ಹುಡುಗಿಯನ್ನು ಮದುವೆಯಾದರು. ಅವರಿಗೆ 37 ವರ್ಷ, ಆಕೆ ಇನ್ನೂ ಹದಿಹರೆಯದವಳು. ಗೊಂಡರ ಪದ್ಧತಿಯಂತೆಯೇ ಮದುವೆ ನಡೆಯಿತು. ದೇಶ ವಿದೇಶಗಳಲ್ಲಿ ಸುದ್ದಿಯಾಯಿತು. ಬಸ್ತರಿನ ಅಧ್ಯಯನಕಾಲದಲ್ಲಿ ಆಕೆ ಜೊತೆಗಿದ್ದುದರಿಂದ ಮುರಿಯಾ ಮನೆಗಳ ಬಾಗಿಲು ಸುಲಭವಾಗಿ ತೆರೆದವು.

ಒಂಬತ್ತು ವರ್ಷಗಳಲ್ಲಿ ದಾಂಪತ್ಯ ಮುರಿಯಿತು. 1949ರಲ್ಲಿ ಕಲ್ಕತ್ತಾ ಹೈಕೋರ್ಟಿನಿಂದ ವಿಚ್ಛೇದನ ದೊರೆಯಿತು. ಕಾಡಿನ ವಿಧಿಯಿಂದ ಕಟ್ಟಿದ ಗಂಟನ್ನು ಬಿಚ್ಚಲು ಎಲ್ವಿನ್ ಇಂಗ್ಲಿಷ್ ನ್ಯಾಯಾಲಯಕ್ಕೆ ಹೋದದ್ದು, ಆಕೆಯ ಪರವಾಗಿ ಅಲ್ಲಿ ಯಾರೂ ವಾದಿಸದೇ ತೀರ್ಪಾದದ್ದು ಅವರ ಅಭಿಮಾನಿಗಳಿಗೂ ನುಂಗಲಾರದ ತುತ್ತು. ಅರ್ಥವಾಗದ ಭಾಷೆಯ ಕೋರ್ಟು ಎಂದು ಅವರೇ ಆದಿವಾಸಿಗಳ ಪರ ದೂರಿದ್ದರಲ್ಲ! ತಮ್ಮ ಆತ್ಮಕಥೆಯಲ್ಲಿ ಈ ಮದುವೆಯ ಬಗ್ಗೆ ಅವರು ಹೆಚ್ಚೇನೂ ಹೇಳದೆ, ನೋವಿನ ಅಧ್ಯಾಯವೆಂದು ಸರಿಸಿಬಿಟ್ಟಿದ್ದಾರೆ. ಮುಂದೆ ಅವರು ಪರಧಾನ ಸಮುದಾಯದ ಲೀಲಾ ಅವರನ್ನು ಮದುವೆಯಾದರು. ಆ ದಾಂಪತ್ಯ ಕೊನೆಯವರೆಗೂ ಉಳಿಯಿತು. ಕೋಸಿ ಮಾತ್ರ ಮಧ್ಯಪ್ರದೇಶದ ಹಳ್ಳಿಯಲ್ಲಿ ದಶಕಗಳ ಕಾಲ ಬಡತನದಲ್ಲಿ ಬದುಕಿದರು.

ವಾದ, ಪ್ರತಿವಾದ

ಬೈಗಾಗಳಿಗಾಗಿ ಒಂದು ಬಗೆಯ ರಾಷ್ಟ್ರೀಯ ಉದ್ಯಾನ ನಿರ್ಮಿಸಿ ಹೊರಗಿನವರನ್ನು ದೂರವಿಡಬೇಕು ಎಂದು 1939ರ ಗ್ರಂಥದಲ್ಲಿ ಎಲ್ವಿನ್ ಸೂಚಿಸಿದ್ದರು. ಪ್ರಾಣಿಸಂಗ್ರಹಾಲಯದ ನೆನಪು ತರುವ ಈ ಮಾತು ಅವರನ್ನು ಜೀವನಪರ್ಯಂತ ಕಾಡಿತು. ದಾಹೋದಿನ ಭೀಲರ ನಡುವೆ ದುಡಿದಿದ್ದ ಠಕ್ಕರ್ ಬಾಪಾ, ಆದಿವಾಸಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಯೋಚನೆ ರಾಷ್ಟ್ರದ ಏಕತೆಗೆ ಮಾರಕವೆಂದು ಖಂಡಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1943ರಲ್ಲಿ ಇಡೀ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಬುಡಕಟ್ಟುಗಳು ಶತಮಾನಗಳಿಂದ ಹಿಂದೂ ಸಮಾಜದೊಡನೆ ಬೆರೆತವರೇ, ಅವರು ಹಿಂದುಳಿದ ಹಿಂದೂಗಳು, ಭೂಮಿ ಕಳೆದುಕೊಳ್ಳುವುದು, ಸಾಲಕ್ಕೆ ಸಿಲುಕುವುದು ಅವರೊಬ್ಬರ ಕಷ್ಟವಲ್ಲ, ಬಯಲಿನ ಬಡ ರೈತನದೂ ಹೌದು ಎಂಬುದು ಘುರ್ಯೆ ವಾದ. ಮೈಸೂರಿನಿಂದ ಹೋಗಿ ಘುರ್ಯೆ ಬಳಿ ಓದಿದ ಎಂ.ಎನ್. ಶ್ರೀನಿವಾಸ್ ಮುಂದೆ ಕೊಡವರ ಕುರಿತ ಅಧ್ಯಯನದಲ್ಲಿ, ಮೇಲ್ಜಾತಿಗಳ ಆಚಾರ ಅನುಸರಿಸಿ ಸಮುದಾಯಗಳು ಮೇಲೇರುವ ಬಗೆಯನ್ನು ಸಂಸ್ಕೃತೀಕರಣವೆಂದು ಕರೆದರು. ಎಲ್ವಿನ್ ಭಯಪಟ್ಟಿದ್ದು ಇದೇ ಬದಲಾವಣೆಗೆ. ಗೊಂಡರ ಹುಡುಗಿಯರು ಕುಣಿತ ಬಿಡುವುದು, ಬಾಲ್ಯವಿವಾಹ, ಅಸ್ಪೃಶ್ಯತೆಗಳು ಬೆಟ್ಟ ಹತ್ತುವುದು ಅವರಿಗೆ ಏಣಿಯಾಗಿ ಕಾಣದೆ ಜಾರುಬಂಡೆಯಾಗಿ ಕಂಡಿತು.

ಇಷ್ಟಕ್ಕೂ ಎಲ್ವಿನ್ ಎಲ್ಲ ಆದಿವಾಸಿಗಳನ್ನೂ ಬೇಲಿಯೊಳಗಿಡಿ ಎಂದವರಲ್ಲ. 1943ರ ಒಂದು ಕಿರುಪುಸ್ತಕದಲ್ಲಿ ಅವರು ಬುಡಕಟ್ಟುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಆಧುನಿಕ ಜಗತ್ತಿನೊಡನೆ ಸರಿಸಮವಾಗಿ ವ್ಯವಹರಿಸುತ್ತಲೇ ತಮ್ಮತನ ಕಾಪಾಡಿಕೊಂಡ ನಾಗಾ, ರಾಜಗೊಂಡ ಮುಖಂಡರು ನಾಲ್ಕನೆಯ ವರ್ಗ. ಉಳಿದವರೂ ಸ್ವಂತ ವೇಗದಲ್ಲಿ ಅಲ್ಲಿಗೆ ತಲುಪಲಿ, ಅಲ್ಲಿಯವರೆಗೆ ದರೋಡೆಕೋರರಿಂದ ರಕ್ಷಣೆ ಸಿಗಲಿ ಎಂಬುದು ಅವರ ಆಶಯ. ಘುರ್ಯೆ ಗೆದ್ದದ್ದು ಎಲ್ಲಿಯೆಂದರೆ, ಕಾಲ ನಿಲ್ಲುವುದಿಲ್ಲ ಎಂಬಲ್ಲಿ. ಎಲ್ವಿನ್ ಗೆದ್ದದ್ದು, ಆ ಓಟದಲ್ಲಿ ಜಮೀನು ಯಾರದಾಯಿತು ಎಂಬ ಪ್ರಶ್ನೆಯಲ್ಲಿ.

ಗಡಿನಾಡಿನಲ್ಲಿ ಪ್ರಯೋಗ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎಲ್ವಿನ್ ಕೆಲಕಾಲ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಉಪನಿರ್ದೇಶಕರಾಗಿದ್ದರು. ಒಡಿಶಾದ ಬೊಂಡಾ ಮತ್ತು ಸವರ ಬುಡಕಟ್ಟುಗಳ ಕುರಿತು ಎರಡು ದೊಡ್ಡ ಗ್ರಂಥಗಳು ಈ ಅವಧಿಯ ಓಡಾಟದ ಫಲ. 1954ರಲ್ಲಿ ಭಾರತದ ಪೌರರಾದರು. ಅದೇ ವರ್ಷ ಈಶಾನ್ಯ ಗಡಿನಾಡು ಆಡಳಿತ, ಅಂದರೆ ನೇಫಾದ ಬುಡಕಟ್ಟು ವ್ಯವಹಾರಗಳ ಸಲಹೆಗಾರರಾಗಿ ಶಿಲ್ಲಾಂಗ್ ಸೇರಿದರು. ಇಂದಿನ ಅರುಣಾಚಲ ಪ್ರದೇಶವೇ ಅಂದಿನ ನೇಫಾ. ಅದುವರೆಗೆ ಸರ್ಕಾರವನ್ನು ಬೈದು ಬರೆಯುತ್ತಿದ್ದವರ ಮಾತಿಗೆ ಮೊದಲ ಬಾರಿ ಸರ್ಕಾರಿ ಮೊಹರು ಬಿತ್ತು.

ಅವರ ನೇಮಕಕ್ಕೆ ಕೆಲವೇ ತಿಂಗಳ ಮುಂಚೆ, 1953ರ ಅಕ್ಟೋಬರ್‌ನಲ್ಲಿ, ಅಚಿಂಗ್‌ಮೋರಿಯಲ್ಲಿ ತಾಗಿನ್ ಬುಡಕಟ್ಟಿನವರು ಅಸ್ಸಾಂ ರೈಫಲ್ಸ್ ತುಕಡಿಯೊಂದನ್ನು ಕೊಂದುಹಾಕಿದ್ದರು. ಸೇಡಿನ ದಾಳಿಗೆ ಒತ್ತಡವಿದ್ದರೂ ಆಡಳಿತ ಸಂಯಮ ವಹಿಸಿ, ಆರೋಪಿಗಳನ್ನು ಹಿಡಿದು ವಿಚಾರಣೆಗೆ ಒಳಪಡಿಸಿತು. ಈ ಸಂಯಮಕ್ಕೆ ಒಂದು ತತ್ವದ ರೂಪ ಕೊಟ್ಟದ್ದು 1957ರಲ್ಲಿ ಬಂದ ಎಲ್ವಿನ್ ಪುಸ್ತಕ 'ಎ ಫಿಲಾಸಫಿ ಫಾರ್ ನೇಫಾ'. ಅದರ ಎರಡನೆಯ ಆವೃತ್ತಿಗೆ ಪ್ರಧಾನಿ ನೆಹರೂ ಮುನ್ನುಡಿ ಬರೆದು ಐದು ಸೂತ್ರಗಳನ್ನು ಕೊಟ್ಟರು. ಜನರು ತಮ್ಮ ಪ್ರತಿಭೆಗೆ ತಕ್ಕಂತೆ ಬೆಳೆಯಬೇಕು, ಹೊರಗಿನದನ್ನು ಹೇರಬಾರದು. ಭೂಮಿ ಮತ್ತು ಕಾಡಿನ ಹಕ್ಕು ಗೌರವಿಸಬೇಕು. ಆಡಳಿತಕ್ಕೆ ಅವರದೇ ಜನರನ್ನು ತಯಾರು ಮಾಡಬೇಕು. ಯೋಜನೆಗಳ ರಾಶಿ ಸುರಿಯಬಾರದು. ಖರ್ಚಾದ ಹಣದ ಲೆಕ್ಕದಿಂದ ಯಶಸ್ಸನ್ನು ಅಳೆಯದೆ, ರೂಪುಗೊಂಡ ಮನುಷ್ಯರ ಗುಣದಿಂದ ಅಳೆಯಬೇಕು ಎಂಬುದು ಅವುಗಳ ಸಾರ.

ಕಾಡಿನ ಜನರನ್ನು ಒಂಟಿಯಾಗಿ ಬಿಡಬೇಕೆಂಬ ಹಳೆಯ ನಿಲುವನ್ನು ಎಲ್ವಿನ್ ಇಲ್ಲಿ ಕೈಬಿಟ್ಟಿದ್ದರು. ರಸ್ತೆ, ಆಸ್ಪತ್ರೆ, ಶಾಲೆ ಬೇಡವೆಂದು ಅವರು ಹೇಳಲಿಲ್ಲ. ಶಾಲೆಯ ಕಟ್ಟಡ ಊರಿನ ಮನೆಗಳಂತಿರಲಿ, ಮಗ್ಗದ ವಿನ್ಯಾಸ ಊರಿನದೇ ಇರಲಿ, ಹೊರಗಿನ ವ್ಯಾಪಾರಿಗೆ ಜಮೀನು ಸಿಗದಿರಲಿ, ಅಧಿಕಾರಿ ಜನರ ಮನೆಯಲ್ಲಿ ಕುಳಿತು ಉಣ್ಣುವಂತಿರಲಿ ಎಂದರು. ಆದಿಗಳ ಕೆಬಾಂಗ್‌ನಂತಹ ಊರ ಸಭೆಗಳಲ್ಲಿ ಪ್ರಜಾಪ್ರಭುತ್ವ ಆಗಲೇ ಇದೆ, ಹೊರಗಿನಿಂದ ತರಬೇಕಿಲ್ಲ ಎಂದು ತೋರಿಸಲು ಒಂದು ಪುಸ್ತಕವನ್ನೇ ಬರೆದರು. ಅದು ಅವರ ಮರಣಾನಂತರ ಪ್ರಕಟವಾಯಿತು.

ಬಯಲಿನ ಅಭಿವೃದ್ಧಿ ಬ್ಲಾಕುಗಳ ಬಗ್ಗೆ ಅವರ ಅಧ್ಯಕ್ಷತೆಯ ಸಮಿತಿ 1960ರಲ್ಲಿ ಕೊಟ್ಟ ವರದಿ ಇಂದಿಗೂ ಅಧಿಕಾರಿಗಳು ಓದಬೇಕಾದದ್ದು. ದೇಶದ 43 ವಿಶೇಷ ಬುಡಕಟ್ಟು ಬ್ಲಾಕುಗಳಲ್ಲಿ ಹಣ ಕಟ್ಟಡಗಳಿಗೆ ಸೋರುತ್ತಿತ್ತು, ಯೋಜನೆಗಳು ಮಿತಿಮೀರಿದ್ದವು, ಜನರ ನಿಜವಾದ ಸಂಕಟಗಳಾದ ಭೂಮಿ, ಕಾಡು, ಸಾಲ ಹಾಗೆಯೇ ಇದ್ದವು. ಮರುವರ್ಷ ವರದಿ ಕೊಟ್ಟ ಧೇಬರ್ ಆಯೋಗದಲ್ಲೂ ಎಲ್ವಿನ್ ಸದಸ್ಯರಾಗಿದ್ದರು. 1961ರಲ್ಲಿ ಪದ್ಮಭೂಷಣ ಬಂತು.

ವಿರೋಧ ನಿಲ್ಲಲಿಲ್ಲ. ಸ್ವತಂತ್ರ ಭಾರತದ ಪ್ರಜೆ ತನ್ನದೇ ದೇಶದ ಒಂದು ಭಾಗಕ್ಕೆ ಹೋಗಲು ಪರವಾನಗಿ ಪಡೆಯಬೇಕೇ ಎಂದು ಕೇಳಿದ ರಾಮಮನೋಹರ ಲೋಹಿಯಾ, 1958ರಲ್ಲಿ ಪರವಾನಗಿಯಿಲ್ಲದೆ ನೇಫಾ ಪ್ರವೇಶಿಸಿ ಬಂಧನಕ್ಕೊಳಗಾದರು. ಕಾಗೋಡು ರೈತರಿಗಾಗಿ 1951ರಲ್ಲಿ ಶಿವಮೊಗ್ಗ ಜಿಲ್ಲೆಗೆ ಬಂದು ಸೆರೆಯಾಗಿದ್ದ ಅದೇ ಲೋಹಿಯಾ. 1962ರ ಚೀನಾ ದಾಳಿಯಲ್ಲಿ ತವಾಂಗ್, ಬೊಮ್ಡಿಲಾಗಳು ಕೈತಪ್ಪಿದಾಗ ಟೀಕೆ ಇನ್ನೂ ಹರಿತವಾಯಿತು. ರಸ್ತೆ ಮಾಡದೆ, ಬಯಲಿನ ಜನರನ್ನು ನೆಲೆಗೊಳಿಸದೆ ಗಡಿಯನ್ನು ಮಾನವಶಾಸ್ತ್ರಜ್ಞರ ಕೈಗೆ ಕೊಟ್ಟ ಫಲವಿದು ಎಂಬ ಆರೋಪ ಸಂಸತ್ತಿನವರೆಗೂ ಹೋಯಿತು. ಸೈನ್ಯದ ಸಿದ್ಧತೆಯ ಕೊರತೆಗೆ ಸಲಹೆಗಾರನೊಬ್ಬನನ್ನು ಹೊಣೆ ಮಾಡಿದ್ದು ಅನ್ಯಾಯವೆಂದೇ ತೋರುತ್ತದೆ.

ಆ ವೇಳೆಗೆ ಎಲ್ವಿನ್ ಆರೋಗ್ಯ ಹದಗೆಟ್ಟಿತ್ತು. 1964ರ ಫೆಬ್ರವರಿ 22ರಂದು ದೆಹಲಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಮೂರು ತಿಂಗಳ ಬಳಿಕ ನೆಹರೂ ಕೂಡ ಹೋದರು. ಅದೇ ವರ್ಷ ಪ್ರಕಟವಾದ ಆತ್ಮಕಥೆಗೆ ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಬಸ್ತರ್, ಬೈಗಾ ಚಕ್, ಪಾಟನ್‌ಗಢ

ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ 1999ರಲ್ಲಿ ಎಲ್ವಿನ್ ಜೀವನಚರಿತ್ರೆ ಪ್ರಕಟಿಸಿದ ಮೇಲೆ ಈ ಮರೆತ ಹೆಸರು ಮತ್ತೆ ಚರ್ಚೆಗೆ ಬಂತು. ಎಲ್ವಿನ್ ಘೋಟುಲ್ ಕಂಡ ಬಸ್ತರಿನಲ್ಲಿ 2005ರಿಂದ ಸಲ್ವಾ ಜುಡುಂ ಮತ್ತು ಮಾವೋವಾದಿಗಳ ಕಾಳಗದ ನಡುವೆ ಹಳ್ಳಿಗಳು ಖಾಲಿಯಾದವು. ಅದರ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಗುಹಾ ಕೂಡ ಒಬ್ಬರು. 2011ರ ಜುಲೈನಲ್ಲಿ ನ್ಯಾಯಾಲಯ ಆದಿವಾಸಿ ತರುಣರಿಗೆ ಬಂದೂಕು ಕೊಡುವ ಆ ಪದ್ಧತಿಯನ್ನು ರದ್ದುಪಡಿಸಿತು. ನೇಫಾ 1972ರಲ್ಲಿ ಅರುಣಾಚಲ ಪ್ರದೇಶವಾಗಿ, 1987ರಲ್ಲಿ ಪೂರ್ಣ ರಾಜ್ಯವಾಯಿತು. ಒಳಗಡಿ ಪರವಾನಗಿ ಅಲ್ಲಿ ಈಗಲೂ ಇದೆ, ಅದನ್ನು ಉಳಿಸಿಕೊಳ್ಳಬೇಕೆಂದು ಪಟ್ಟುಹಿಡಿದವರು ಅಲ್ಲಿನ ಜನರೇ.

ಬೈಗಾ ಚಕ್‌ನ ಜನರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಮುಂದಿನ ದಶಕದಲ್ಲಿ ಆವಾಸ ಹಕ್ಕು ಮಾನ್ಯವಾಯಿತು. ದೇಶದಲ್ಲಿ ಈ ಹಕ್ಕು ಪಡೆದವರಲ್ಲಿ ಅವರು ಮೊದಲಿಗರು. ಎಲ್ವಿನ್ ಮತ್ತು ಹಿವಾಳೆ ವರ್ಷಗಟ್ಟಲೆ ಬದುಕಿದ ಪಾಟನ್‌ಗಢ ಈಗ ಗೊಂಡ ಚಿತ್ರಕಲೆಯ ಊರೆಂದು ಹೆಸರಾಗಿದೆ. ಆ ಊರಿನಲ್ಲೇ ಹುಟ್ಟಿದ ಜನಗಢ ಸಿಂಗ್ ಶ್ಯಾಮ್ 1980ರ ದಶಕದಲ್ಲಿ ಮಣ್ಣಿನ ಗೋಡೆಯ ಚಿತ್ತಾರವನ್ನು ಕಾಗದ ಮತ್ತು ಕ್ಯಾನ್ವಾಸಿಗೆ ತಂದು, ಭೋಪಾಲದ ಭಾರತ ಭವನದಿಂದ ವಿದೇಶಗಳವರೆಗೆ ಹೋದರು. 2001ರಲ್ಲಿ ಜಪಾನಿನ ಸಂಗ್ರಹಾಲಯವೊಂದರಲ್ಲಿ ಚಿತ್ರ ಬರೆಯುತ್ತಿದ್ದಾಗ, ಊರಿಗೆ ಮರಳಲಾಗದೆ ಅಲ್ಲಿಯೇ ಪ್ರಾಣ ಕಳೆದುಕೊಂಡರು. ಪಾಟನ್‌ಗಢದ ಮನೆ ಮನೆಗಳಲ್ಲಿ ಇಂದು ಅವರ ದಾರಿ ಹಿಡಿದ ಕಲಾವಿದರಿದ್ದಾರೆ.